ಊರು ಹುಟ್ಟಿದ ಗ್ಯಾರೇಜು

ಅಜ್ಜಿಯ ಬಾಯಲ್ಲಿ ಇನ್ನೂ ಅಜ್ಜಿಯವೇ ಹಲ್ಲುಗಳಿದ್ದ ಕಾಲದಲ್ಲಿ, ಸರೋವರದ ದಂಡೆಯ ಮೇಲೆ ಒಂದು ಮಹಾನಗರವಿತ್ತು, ಅದಕ್ಕೆ ತೀರದ ಹಸಿವು. ಬೆಳಗಿನ ತಿಂಡಿಗೆ ಒಂದು ಹಳ್ಳಿ, ಮಧ್ಯಾಹ್ನಕ್ಕೆ ಎರಡು ಜೋಳದ ಹೊಲ, ಮಲಗುವ ಮುಂಚೆ ಬಾಯಾಡಿಸಲು ಒಂದು ಸೇಬಿನ ತೋಟ. ತಿಂದದ್ದು ಅರಗಲಿ ಅಂತ ಅದು ಚರಂಡಿ ಕೊಳವೆ ಹಾಕುತ್ತಿತ್ತು. ಕೊಳವೆ ಹೋದಲ್ಲೆಲ್ಲ ಹಿಂದೆಯೇ ತೆರಿಗೆ ಹೋಗುತ್ತಿತ್ತು. ಹೀಗೆ ತಿನ್ನುತ್ತ ತೇಗುತ್ತ ಅದು ಒಂದು ದಿನ ಲಾರ್ಕ್‌ಮೆಡೋ ಎಂಬಲ್ಲಿಗೆ ಬಂತು. ಅಲ್ಲಿ ಲಾರ್ಕ್ ಎಂಬ ಹಕ್ಕಿಯೂ ಇರಲಿಲ್ಲ, ಮೆಡೋ ಅನ್ನುವಂಥ ಹುಲ್ಲುಗಾವಲೂ ಇರಲಿಲ್ಲ; ಆಸ್ಟ್ರಾಂಡರ್ ಎಂಬ ಕಂಟ್ರಾಕ್ಟರು ಚಕ್ಕುಲಿ ಒತ್ತಿದ ಹಾಗೆ ಒಂದೇ ಅಚ್ಚಿನಲ್ಲಿ ಒತ್ತಿ ಸಾಲಾಗಿ ಇಟ್ಟ ಮನೆಗಳು ಮಾತ್ರ ಇದ್ದವು. ಅಂಥ ಒಂದು ಮನೆಯ ಗ್ಯಾರೇಜಿನಲ್ಲಿ ಅವತ್ತು ಏಳೋ ಎಂಟೋ ಹೆಂಗಸರು ಪ್ಲಾಸ್ಟಿಕ್ ಡಬ್ಬಿ ಕೊಳ್ಳಲು ಸೇರಿದ್ದರು. ಹೊರಗೆ ನಗರದ ಹೆಜ್ಜೆ ಕೇಳಿಸಿತು. ಆಗ ಒಬ್ಬಳು, ಕೈಯಲ್ಲಿ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ, ಅಂದಳು: ನಗರ ಹಳ್ಳಿಯನ್ನು ತಿನ್ನಬಹುದು, ಹೊಲವನ್ನು ತಿನ್ನಬಹುದು, ಆದರೆ ಇನ್ನೊಂದು ನಗರವನ್ನು ತಿನ್ನೋ ಹಾಗಿಲ್ಲ, ಹಾಗಂತ ಕಾನೂನಿದೆ. ನಾವೂ ಒಂದು ನಗರ ಆಗಿಬಿಡೋಣ. ಕ್ಯಾರೆಟ್ ತುರಿ ಹಾಕಿದ್ದ ನಿಂಬೆ ಜೆಲ್ಲಿ ಇನ್ನೂ ಕರಗಿರಲಿಲ್ಲ, ಅಷ್ಟರಲ್ಲಿ ನಗರ ಹುಟ್ಟಿತ್ತು. ಸಂಜೆ ರೈಲಿನಲ್ಲಿ ಮನೆಗೆ ಬಂದ ಗಂಡಂದಿರಿಗೆ ತಾವು ಬೇರೊಂದು ಊರಿಗೆ ಬಂದಿದ್ದೇವೆ ಅಂತ ಊಟದ ಹೊತ್ತಿಗೆ ತಿಳಿಯಿತು. ಅವರಲ್ಲಿ ಟೈ ಬಿಚ್ಚದೆ ಕೂತಿದ್ದ ಒಬ್ಬನನ್ನು ಮೇಯರ್ ಮಾಡಿದರು.

ಅಜ್ಜಿ ಹೇಳುವ ಈ ಕಥೆಯನ್ನು ಮಾರ್ನಿ ನೊವಾಟ್ನಿ ಎಷ್ಟು ಸಲ ಕೇಳಿದ್ದಳೆಂದರೆ, ಈಗ ವೇನ್ ಸ್ಟಕಿಯ ಮನೆಯ ಮೆಟ್ಟಿಲ ಮೇಲೆ ನಿಂತು ಕರೆಗಂಟೆ ಒತ್ತುವಾಗಲೂ ಅವಳ ಕಿವಿಯಲ್ಲಿ ನಗರದ ಹೆಜ್ಜೆಯೇ ಕೇಳುತ್ತಿತ್ತು. ಬಾಗಿಲು ತೆರೆದಾಗ ಆ ನಗರವೆಂಬ ರಾಕ್ಷಸನೇ ಬರುತ್ತಾನೆಂದು ಅರೆಕ್ಷಣ ಅನ್ನಿಸಿ, ಬಂದದ್ದು ಹುಲ್ಲಿನ ಹಸಿರು ಹತ್ತಿದ ಸಾಕ್ಸು ಹಾಕಿಕೊಂಡ ವೇನ್ ಆದ್ದರಿಂದ ಸ್ವಲ್ಪ ನಿರಾಸೆಯಾಯಿತು. ವೇನ್‌ಗೆ ಏನನ್ನಿಸಿತೋ. ಅವನ ಬಾಗಿಲಲ್ಲಿ ಒಂದು ದವಡೆ ಹಲ್ಲು ನಿಂತಿತ್ತು. ಮಾರ್ನಿ ಡಾಕ್ಟರ್ ಲಿಂಡ್‌ಕ್ವಿಸ್ಟರ ಹಲ್ಲಿನ ಆಸ್ಪತ್ರೆಯಲ್ಲಿ ಸ್ವಾಗತದ ಮೇಜಿನ ಕೆಲಸದವಳು; ಊರಿನ ಹುಟ್ಟುಹಬ್ಬದ ಮೆರವಣಿಗೆಗೆ ಆಸ್ಪತ್ರೆಯವರು ಪ್ರತಿ ವರ್ಷ ಹಲ್ಲುಗಳಾಗಿ ನಡೆಯುವುದು ವಾಡಿಕೆ, ಹೊಸದಾಗಿ ಸೇರಿದವರು ಬಾಚಿ ಹಲ್ಲು, ಹಳಬರಾದ ಹಾಗೆ ಹಿಂದಕ್ಕೆ ಹೋಗುತ್ತ ದವಡೆ. ಬೆಳಿಗ್ಗೆ ಅಳತೆ ನೋಡಲೆಂದು ಹಾಕಿಕೊಂಡ ಸ್ಪಂಜಿನ ಉಡುಪಿನ ಬೆನ್ನ ಜಿಪ್ಪು ನಡುವೆಯೇ ಕಚ್ಚಿಕೊಂಡಿತ್ತು. ಎಳೆದು ಎಳೆದು ಸಾಕಾಗಿ, ಇದ್ದ ಹಾಗೇ ಕಾರು ಓಡಿಸಿಕೊಂಡು ಬಂದಿದ್ದಳು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಎರಡು ಬೇರುಗಳ ನಡುವೆ ಬ್ರೇಕನ್ನು ಹುಡುಕುತ್ತ.

"ಮಾರ್ನಿ ಅಲ್ವಾ?" ಅಂದ ವೇನ್. "ಚೆನ್ನಾಗ್ ಕಾಣ್ತೀಯ."

"ಥ್ಯಾಂಕ್ಸ್ ವೇನ್. ಮತ್ತೆ, ಆ ಫಲಕದ ವಿಷಯ."

"ಹೂಂ, ಫಲಕ," ಅಂದ ವೇನ್, ಬಿಸಿಲು ನೋಡುವವನಂತೆ ಅವಳ ತಲೆಯ ಮೇಲಿನಿಂದ ತನ್ನ ಹುಲ್ಲಿನತ್ತ ನೋಡಿ. "ಒಳ್ಳೇ ಫಲಕ. ನಾನೇನೂ ಬೇಡ ಅನ್ನಲ್ಲ. ಆದ್ರೆ ಅದು ಬೆವ್ ಮನೆಗೆ ಸೇರಬೇಕಾದ್ದು. ಪಾಪ, ಅವಳದನ್ನ ನಾನು ಕಿತ್ಕೊಂಡ ಹಾಗಾಗುತ್ತೆ."

ಲಾರ್ಕ್‌ಮೆಡೋನಲ್ಲಿ ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಅಭ್ಯಾಸಬಲಕ್ಕೆ, ಮೂರನೆಯದಷ್ಟೇ ನಿಜ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮಕ್ಕಳು ಮೊಲೆಹಾಲಿನ ಜೊತೆ ಕಲಿಯುತ್ತಾರೆ. ಮೊದಲನೆಯದನ್ನು ವೇನ್ ಈಚೆಗೇ ಹೇಳಿಯಾಗಿತ್ತು, ಇವತ್ತಿನದು ಎರಡನೆಯದು; ಪಕ್ಕದ ಮನೆಯ ಬೆವ್ ಎರಡನ್ನೂ ಹೇಳಿ ಮುಗಿಸಿದ್ದಳು. ಊರು ಹುಟ್ಟಿದ ಗ್ಯಾರೇಜಿನ ಮುಂದೆ ನೆಡಬೇಕಿದ್ದ ಫಲಕ ಮಾರ್ನಿಯ ಕಾರಿನ ಡಿಕ್ಕಿಯಲ್ಲಿತ್ತು, ಕಬ್ಬಿಣದ ಕಂಬದ ಸಮೇತ, ಹೋದ ಶರತ್ಕಾಲದಿಂದಲೂ. ಚಳಿಗಾಲವಿಡೀ ಪ್ರತಿ ತಿರುವಿನಲ್ಲೂ ಅದು ಉರುಳಿ ಧಡ್ ಎಂದು ಬಡಿದಾಗಲೆಲ್ಲ ಮಾರ್ನಿ ಬೆಚ್ಚಿ, ನಾಳೆ, ಅನ್ನುತ್ತಿದ್ದಳು. ನಗರಸಭೆಯ ಇತಿಹಾಸ ಸಮಿತಿಗೆ ಅವಳೊಬ್ಬಳೇ ಸದಸ್ಯೆ. ಶರತ್ಕಾಲದ ಸಭೆಯಲ್ಲಿ ಯಾರಾದರೂ ಸದಸ್ಯರಾಗುತ್ತೀರಾ ಅಂತ ಕೇಳಿದಾಗ ಎಲ್ಲರೂ ಮೂರು ಸಲ ಬೇಡ ಅಂದಿದ್ದರು, ಅವಳಿಗೆ ಮೂರನೆಯದನ್ನು ಹೇಳುವಷ್ಟು ಧೈರ್ಯ ಸಾಲಲಿಲ್ಲ. ಅಜ್ಜಿಗೆ ಅದೇ ಸಂಜೆ ಮಾತು ಕೊಟ್ಟಿದ್ದಳು. ನೀನು ಅರಿಜೋನಾಕ್ಕೆ ಹೋಗೋದರೊಳಗೆ ಆ ಗ್ಯಾರೇಜಿನ ಮುಂದೆ ಫಲಕ ನಿಂತಿರುತ್ತೆ, ನೋಡ್ತಿರು. ಅಜ್ಜಿ ಅವಳ ಕೆನ್ನೆ ತಟ್ಟಿದ್ದಳು, ಹೋಗಲಿ ಬಿಡು ಎಂಬಂತೆ. ಆ ತಟ್ಟಿದ್ದು ಇನ್ನೂ ಕೆನ್ನೆಯ ಮೇಲೇ ಇತ್ತು. ಮಾರ್ನಿ ಅರ್ಧ ಹೆಣೆದ ಸ್ವೆಟರು, ಅರ್ಧ ಓದಿದ ಪದವಿ, ಅರ್ಧ ಒಪ್ಪಿಕೊಂಡು ಬಿಟ್ಟ ಮದುವೆ, ಇವನ್ನೆಲ್ಲ ಬಲ್ಲ ಕೈ ಅದು. ಇವತ್ತು ಮೆರವಣಿಗೆ ಮುಗಿದ ಮೇಲೆ ಗ್ಲೆನ್ ಚಿಕ್ಕಪ್ಪ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅರಿಜೋನಾದ ತಂಗಿಯ ಮನೆಗೆ ಹೊರಡುತ್ತಾನೆ.

"ಹಾಗಾದ್ರೆ ಬೆವ್‌ನ ಇನ್ನೊಂದ್ಸಲ ಕೇಳ್ತೀನಿ," ಅಂದಳು.

"ಕೇಳು ಕೇಳು. ಅಂದ ಹಾಗೆ," ಅಂತ ವೇನ್ ಒಳಗೆ ಹೋಗಿ ಕಾಗದದ ತಟ್ಟೆಯಲ್ಲಿ ಚಾಕಲೇಟು ಬರ್ಫಿಯ ನಾಲ್ಕು ಚೂರು ತಂದು ಕೊಟ್ಟ. "ಬರಿಗೈಯಲ್ಲಿ ಹೋಗ್ಬೇಡ."

ಮಾರ್ನಿ ಎರಡು ಮನೆಗಳ ನಡುವೆ ಹುಲ್ಲಿನ ಮೇಲೆ ಕಾಲಿಡದೆ, ರಸ್ತೆಗೆ ಇಳಿದು, ಹತ್ತು ಹೆಜ್ಜೆ ನಡೆದು, ಮತ್ತೆ ಹತ್ತಿ ಹೋದಳು. ಬೇರೆಯವರ ಹುಲ್ಲನ್ನು ಅಡ್ಡ ಹಾಯುವವಳಲ್ಲ ಅವಳು. ರಸ್ತೆಯಂಚಿನಲ್ಲಿ ಕೂತ ಯಾರದೋ ಮಕ್ಕಳು ಹಲ್ಲೊಂದು ಸಿಹಿತಿಂಡಿ ಹಿಡಿದುಕೊಂಡು ಹೋಗುವುದನ್ನು ನೋಡಿ, "ಹುಳುಕು ಬೀಳತ್ತೆ," ಅಂತ ಕೂಗಿದವು. ಹೌದು, ಹುಳುಕು, ಅಂದುಕೊಂಡಳು. ಒಳಗಿನಿಂದ ಬೀಳುವಂಥದು, ಹೊರಗಿನಿಂದ ಬೆಳ್ಳಗೆ ಹೊಳೆಯುತ್ತಿರುವಾಗಲೇ. ವೇನ್‌ನ ಮನೆಗೂ ಬೆವ್ ಹೆನಿಗರ್‌ಳ ಮನೆಗೂ ಕನ್ನಡಿ ಇಟ್ಟ ಹಾಗೆ, ಅವನ ಗ್ಯಾರೇಜು ಎಡಕ್ಕೆ, ಇವಳದು ಬಲಕ್ಕೆ, ಅಷ್ಟೇ ವ್ಯತ್ಯಾಸ. ತೊಡಕೆಲ್ಲ ಇಲ್ಲೇ ಇದ್ದದ್ದು. ಡಬ್ಬಿಯ ಕೂಟ ಕರೆದಿದ್ದ ಫರ್ನ್ ಆಲ್ಬ್ರೆಕ್ಟ್ ಎಂಬಾಕೆ ಈ ಎರಡೂ ಮನೆಯಲ್ಲಿ ಇದ್ದವಳು. ಮೊದಲು ಒಂದರಲ್ಲಿ, ಆಮೇಲೆ ಆ ಅಡುಗೆಮನೆಗೆ ಬೆಳಗಿನ ಬಿಸಿಲು ಬರುವುದಿಲ್ಲ ಅಂತ, ಪಕ್ಕದ ಮನೆ ಖಾಲಿಯಾದದ್ದೇ ತಡ, ಒಂದೇ ಮಧ್ಯಾಹ್ನದಲ್ಲಿ ಮಂಚ ಮೇಜು ಗಂಡ ಎಲ್ಲವನ್ನೂ ಹುಲ್ಲಿನ ಮೇಲೆ ದಾಟಿಸಿ ಇನ್ನೊಂದಕ್ಕೆ ಹೋದಳು. ಪರದೆಗಳು ಕೂಡ ಸರಿಯಾಗಿ ಕೂತವಂತೆ. ಅವಳ ಗಂಡ ಒಂದು ತಿಂಗಳು ಕತ್ತಲಲ್ಲಿ ಬಚ್ಚಲಿಗೆ ಅಂತ ಎದ್ದು ಬೀರುವಿನೊಳಗೆ ಹೋಗುತ್ತಿದ್ದನಂತೆ. ಊರು ಹುಟ್ಟಿದ್ದು ಆ ದಾಟುವಿಕೆಯ ಮುಂಚೆಯೋ ಆಮೇಲೆಯೋ, ಬಲ್ಲವರು ಉಳಿದಿರಲಿಲ್ಲ, ಅಜ್ಜಿ ಆರ್ಡಿಸ್ ಒಬ್ಬಳನ್ನು ಬಿಟ್ಟು. ಅಜ್ಜಿಯನ್ನು ಕೇಳಿದರೆ, "ಫರ್ನ್ ಮನೆ ಗ್ಯಾರೇಜು ಕಣೇ, ಇನ್ಯಾವ್ದು," ಅನ್ನುತ್ತಿದ್ದಳು.

ಬೆವ್ ಬಾಗಿಲನ್ನು ಒಂದು ಗೇಣು ತೆರೆದಳು. ಅವಳ ಹಿಂದೆ ಕ್ರಿಸ್ಮಸ್ ಮರವೊಂದು ದೀಪದ ಸರ ಸಮೇತ ಹಜಾರದಲ್ಲಿ ಮಲಗಿತ್ತು, ಜೂನ್ ತಿಂಗಳಲ್ಲಿ.

"ಬೆವ್, ವೇನ್ ಹೇಳ್ತಾರೆ ಅದು ನಿಮಗೇ ಸಲ್ಲಬೇಕು ಅಂತ."

"ಅಯ್ಯೋ, ಅವ್ನು ಯಾವಾಗ್ಲೂ ಹಂಗೇ, ಬಂಗಾರದಂಥ ಮನುಷ್ಯ," ಅಂದಳು ಬೆವ್. "ಆದ್ರೆ ಪುಟ್ಟಾ, ನಾವು ಇನ್ನೊಬ್ರ ಇತಿಹಾಸ ಇಟ್ಕೊಳ್ಳೋರಲ್ಲ. ಅದು ಅವ್ನ ಗ್ಯಾರೇಜೇ. ಆ ಗ್ಯಾರೇಜು ನೋಡಿದ್ರೇ ಗೊತ್ತಾಗುತ್ತೆ, ಏನೋ ಒಂದು ನಡೆದಿರೋ ಕಳೆ ಇದೆ. ನಮ್ಮದು, ಏನು ಹೇಳ್ಲಿ, ನಮ್ಮದರಲ್ಲಿ ಕಾರು ನಿಲ್ಸಕ್ಕೂ ಜಾಗ ಇಲ್ಲ."

ಅದೇ ನಿಜವಾದ ಕಾರಣ ಅಂತ ಇಬ್ಬರಿಗೂ ಗೊತ್ತಿತ್ತು. ಫಲಕ ನೆಟ್ಟರೆ ಜನ ನಿಂತು ಓದುತ್ತಾರೆ, ಓದಿದವರು ತಲೆಯೆತ್ತುತ್ತಾರೆ, ಬಾಗಿಲು ತೆರೆದಿದ್ದರೆ ಹಳೇ ಟ್ರೆಡ್‌ಮಿಲ್ಲು, ಮೂರು ಒಡೆದ ಸೋಫಾ, ಕಟ್ಟಿಟ್ಟ ಪೇಪರು, ಬೆವ್‌ಳ ಇಡೀ ಬಾಳು ಕಾಣುತ್ತದೆ. ವೇನ್‌ಗೆ ಹುಲ್ಲು. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ಈ ತುದಿಯಿಂದ ಆ ತುದಿಗೆ ಅವನು ಒಂದೇ ಗೆರೆಯಲ್ಲಿ ಹೋಗುತ್ತಾನೆ. ನಡುವೆ ಕಂಬವಿದ್ದರೆ ಇತಿಹಾಸವನ್ನು ಸುತ್ತಿಕೊಂಡು ಹೋಗಬೇಕು. ಅವನ ಮುಖ ಅದನ್ನು ಬಾಯಿಬಿಟ್ಟು ಹೇಳಲಾರದೆ ಕೆಂಪಾಗುತ್ತಿದ್ದುದು ಮಾರ್ನಿಗೆ ಕಂಡಿತ್ತು. ಅವಳಿಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕು, ಅಂದುಕೊಂಡಳು. ಸಿಟ್ಟು ಬರುವವರೇ ಊರು ಕಟ್ಟುವವರು. ಆ ಗ್ಯಾರೇಜಿನೊಳಗೆ ತಾನಿದ್ದಿದ್ದರೆ ನಗರಕ್ಕೆ, ಪರವಾಗಿಲ್ಲ, ತಿನ್ನಿ, ಜೊತೆಗೆ ಸ್ವಲ್ಪ ಜೆಲ್ಲಿ ಹಾಕಲಾ, ಅಂತ ಕೇಳುತ್ತಿದ್ದೆನೇನೋ. ನಗರಸಭೆಯ ಬಾಗಿಲಲ್ಲಿ ಆಸ್ಟ್ರಾಂಡರನ ಕಂಚಿನ ತಲೆ ಇದೆ, ಊರಿನ ಜನಕ ಅಂತ ಕೆಳಗೆ ಕೆತ್ತಿದೆ. ಕೊನೆಯ ಮನೆ ಮಾರಿದ ದಿನವೇ ಅವನು ಫ್ಲಾರಿಡಾಕ್ಕೆ ಓಡಿಹೋಗಿದ್ದ, ಮೀನು ಹಿಡಿಯಲು. ಪ್ರತಿ ಹಬ್ಬಕ್ಕೂ ಅವನ ತಲೆಗೆ ಒಂದು ಹೊಸ ಟೋಪಿ ಹಾಕುತ್ತಾರೆ. ಅಜ್ಜಿ ಅದನ್ನು ನೋಡುತ್ತ ಕೂತಿರುವಾಗ ಅವಳ ಬಾಯಿ ಸಣ್ಣಗೆ ಬಿಗಿಯುತ್ತಿತ್ತು, ಮತ್ತೇನೂ ಇಲ್ಲ. ಆ ಬಿಗಿದ ಬಾಯಿಯನ್ನು ಅರಿಜೋನಾಕ್ಕೆ ಹಾಗೇ ಕಳಿಸಬಾರದು ಅಂತ ಮಾರ್ನಿಗೆ ಇದ್ದದ್ದು.

"ಹಾಗಾದ್ರೆ ಇದು ಮೂರನೇದಾ, ಬೆವ್?" ಅಂತ ಮೆಲ್ಲಗೆ ಕೇಳಿದಳು.

ಬೆವ್ ಕಣ್ಣು ಕೆಳಗೆ ಮಾಡಿದಳು. "ಮೂರನೇದೇ ಪುಟ್ಟಾ," ಅಂದು, ನಿಂಬೆಹಣ್ಣಿನ ಕೇಕಿನ ತಟ್ಟೆಯೊಂದನ್ನು ಗೇಣಗಲದ ಸಂದಿಯಲ್ಲಿ ಓರೆ ಮಾಡಿ ದಾಟಿಸಿದಳು.

ವೇನ್‌ನ ಮೂರನೆಯದು ಕೇಳಲು ಅವಳು ಮತ್ತೆ ಹೋಗಬೇಕಾಗಲಿಲ್ಲ. ಅವನು ಗಾಡಿಯ ಮೇಲೆ ಕೂತು ಆಗಲೇ ಹುಲ್ಲು ಕತ್ತರಿಸಲು ಶುರು ಮಾಡಿದ್ದ, ನಿನ್ನೆ ಕತ್ತರಿಸಿದ್ದ ಹುಲ್ಲನ್ನೇ. ಅದಕ್ಕಿಂತ ಸ್ಪಷ್ಟವಾಗಿ ಈ ಊರಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಎರಡು ತಟ್ಟೆ ಹಿಡಿದು ಮಾರ್ನಿ ರಸ್ತೆಯಂಚಿಗೆ ಇಳಿದಳು. ದೂರದಲ್ಲಿ ಶಾಲೆಯ ಬ್ಯಾಂಡು ಒಂದೇ ಹಾಡಿನ ಮೊದಲ ಅರ್ಧವನ್ನು ಬಾರಿಸುತ್ತಿತ್ತು, ಮೆರವಣಿಗೆ ಹೊರಟಾಗಿತ್ತು. ಲಾರ್ಕ್‌ಮೆಡೋಗೆ ನಡುಬೀದಿ ಅಂತ ಒಂದಿಲ್ಲ, ಇರುವುದೆಲ್ಲ ಸುತ್ತಿ ಸುತ್ತಿ ತನ್ನಲ್ಲಿಗೇ ಬರುವ ಬೀದಿಗಳು, ಹಾಗಾಗಿ ಮೆರವಣಿಗೆಯ ತಲೆ ಪ್ರತಿ ವರ್ಷ ಅದರದೇ ಬಾಲವನ್ನು ಹಿಂದಿನಿಂದ ಹೋಗಿ ಮುಟ್ಟುತ್ತದೆ, ಆಗ ಅಗ್ನಿಶಾಮಕದ ಕೆಂಪು ಲಾರಿ ಮುಂದಿನವರಿಗೆ ದಾರಿ ಬಿಡಿ ಅಂತ ಹಾರ್ನ್ ಹೊಡೆಯುತ್ತದೆ, ಮುಂದಿನವರೆಂದರೆ ಅದರ ಹಿಂದೆ ಹೊರಟವರು. ಅಜ್ಜಿ ಆ ಎರಡು ಮನೆಗಳ ಮುಂದೆಯೇ, ಲಿನೆಟ್ ಬೀದಿಯ ಮೇಪಲ್ ಮರದ ಕೆಳಗೆ ಮಡಿಚುವ ಕುರ್ಚಿಯಲ್ಲಿ ಕೂತಿದ್ದಳು, ಹೊಸ ಈಜುಡುಗೆಯ ಮೇಲೆ ಅಂಗಿ ಹಾಕಿಕೊಂಡು. ಅರಿಜೋನಾದ ತಂಗಿ ಲೂಎಲಾಳ ಮನೆಯ ಹಿಂದೆ ಈಜುಕೊಳವಿತ್ತು. ಬೇಜಾರಾಗಿರುವವರ ಹಾಗೆ ಯಾರಾದರೂ ಕೈ ಹಿಡಿದರೆ ಅಜ್ಜಿ ಬೆಳಗಿನಿಂದ, "ನಾನೇನು ಸಾಯಕ್ಕೆ ಹೋಗ್ತಿಲ್ಲ, ಈಜಕ್ಕೆ ಹೋಗ್ತಿದೀನಿ," ಅಂತ ಅಂದು ಅಂದು ಕಳಿಸುತ್ತಿದ್ದಳು.

ಮಾರ್ನಿ ಅವಳ ಪಕ್ಕದಲ್ಲಿ ಕೂರಲು ನೋಡಿದಳು. ದವಡೆ ಹಲ್ಲು ಬಗ್ಗುವುದಿಲ್ಲ. ಒರಗಿ ನಿಂತಳು.

"ಆಗ್ಲಿಲ್ಲ ಅಜ್ಜಿ. ಇಬ್ರೂ ಒಬ್ರಿಗೊಬ್ರು ಬಿಟ್ಕೊಟ್ರು."

"ಗೊತ್ತಿತ್ತು," ಅಂದಳು ಅಜ್ಜಿ ನಿಂಬೆ ಕೇಕು ಎತ್ತಿಕೊಳ್ಳುತ್ತ. "ಬೆವ್ ಸಕ್ಕರೆ ಜಾಸ್ತಿ ಹಾಕಿದಾಳೆ."

"ನೀನು ಸ್ವಲ್ಪ ನೆನಪು ಮಾಡ್ಕೊಂಡ್ರೆ. ಯಾವ ಗ್ಯಾರೇಜು, ಎಡದ್ದಾ ಬಲದ್ದಾ. ಒಳಗೆ ಹೇಗಿತ್ತು. ಬೆಳಕು ಯಾವ ಕಡೆಯಿಂದ ಬರ್ತಿತ್ತು."

ಅಜ್ಜಿ ಕೇಕಿನ ಪುಡಿಯನ್ನು ಮಡಿಲಿನಿಂದ ಕೊಡವಿದಳು, ನಿಧಾನವಾಗಿ, ಪುಡಿ ಇಲ್ಲದ ಕಡೆಯೂ. "ಒಳಗೆ ಹೇಗಿತ್ತೋ ನಂಗೇನ್ ಗೊತ್ತು," ಅಂದಳು. "ನಾನು ಒಳಗೆ ಹೋಗ್ಲೇ ಇಲ್ವಲ್ಲ."

ಬ್ಯಾಂಡು ಹಾಡಿನ ಮೊದಲ ಅರ್ಧವನ್ನು ಮತ್ತೆ ಹಿಡಿಯಿತು. ಮಾರ್ನಿಗೆ ಉಡುಪಿನ ಒಳಗೆ ಬೆವರು ಇಳಿಯುವುದು ಒಂದೊಂದು ಹನಿಯಾಗಿ ಗೊತ್ತಾಗುತ್ತಿತ್ತು.

"ಹೋಗ್ಲಿಲ್ವಾ."

"ಎಲ್ರಿಗಿಂತ ಚಿಕ್ಕೋಳು ನಾನೇ, ಹೊಸ ಮದುಮಗಳು. ಅವರವರ ಮಕ್ಕಳನ್ನೆಲ್ಲ ನನ್ನ ತಲೆಗೆ ಕಟ್ಟಿ ಒಳಗೆ ಹೋದ್ರು. ಇಷ್ಟಿಷ್ಟು ಉದ್ದದವು, ಒಂದು ಹಿಂಡು. ಫರ್ನ್ ಒಂದು ರಬ್ಬರ್ ತೊಟ್ಟಿಗೆ ನೀರು ತುಂಬಿಸಿಕೊಟ್ಲು, ಅದರಲ್ಲಿ ಕೂರ್ಸಿದೆ. ಒಳಗಡೆ ಒಂದ್ಸಲ ಎಲ್ರೂ ಜೋರಾಗಿ ನಕ್ರು. ಒಂದು ಕುರ್ಚಿ ಬಿತ್ತು. ಆಮೇಲೆ ಯಾರೋ ಬಾಗಿಲು ಎತ್ತಿ, ಆರ್ಡಿಸ್, ನಾವೀಗ ಸಿಟಿ ಕಣೇ, ಅಂದ್ರು. ಆ ಹೊತ್ತಿಗೆ ಒಂದು ಮಗು ತೊಟ್ಟೀಲಿ ಒಂದು ಮಾಡಿತ್ತು, ನಾನು ಅದನ್ನ ನೋಡ್ಕೊಳ್ತಿದ್ದೆ."

"ಮತ್ತೆ ರಾಕ್ಷಸ? ಬೆಳಿಗ್ಗೆ ಒಂದು ಹಳ್ಳಿ ತಿನ್ನೋದು? ಡಬ್ಬಿ ಮುಚ್ಚಳ ಹಿಡ್ಕೊಂಡು ಹೇಳಿದ್ದು?"

"ಅದಾ. ಅದು ನಾನೇ ಕಟ್ಟಿದ್ದು. ಮಕ್ಳು ಅಮ್ಮ ಬೇಕು ಅಂತ ರಾಗ ತೆಗೆದ್ವು. ನಿಮ್ಮಮ್ಮಂದ್ರು ಒಳಗೆ ಏನ್ ಮಾಡ್ತಿದಾರೆ ಗೊತ್ತಾ ಅಂತ ಶುರು ಮಾಡ್ದೆ. ಏನಾದ್ರೂ ಹೇಳ್ಬೇಕಿತ್ತಲ್ಲ ತಾಯಿ. ಕೊಳವೆ, ತೆರಿಗೆ ಅಂದ್ರೆ ಅವು ಸುಮ್ನಾಗ್ತಿದ್ವಾ."

ಮಾರ್ನಿಗೆ ಮೊದಲು ಹೊಳೆದದ್ದು ತಾನು ಕಳೆದುಕೊಂಡದ್ದು. ಮಲಗುವಾಗ ಹೊದಿಕೆಯಂತೆ ಎಳೆದುಕೊಂಡ ಕಥೆ, ಆ ಗ್ಯಾರೇಜಿನ ಒಳಗಿನ ತಂಪು, ಸಿಮೆಂಟಿನ ಮೇಲೆ ಬಿದ್ದಿದ್ದ ಎಣ್ಣೆಯ ಕಲೆ, ಹೆಂಗಸರ ಕೊರಳ ಮುತ್ತಿನ ಸರಗಳು, ಇದನ್ನೆಲ್ಲ ಅಜ್ಜಿ ಕಂಡಿರಲಿಲ್ಲ, ಮುಚ್ಚಿದ ಬಾಗಿಲಿನ ಹೊರಗೆ ಒದ್ದೆ ಮಕ್ಕಳ ನಡುವೆ ಕೂತು ಮನಸ್ಸಿನಲ್ಲೇ ಕಂಡಿದ್ದಳು. ಆಮೇಲೆ ನಿಧಾನವಾಗಿ ಇನ್ನೊಂದು ಹೊಳೆಯಿತು, ಹೊಳೆದು ನಗು ಬಂತು, ನಗು ಸ್ಪಂಜಿಗೆ ತಾಗಿ ಇಡೀ ಹಲ್ಲು ಅಲುಗಿತು. ಒಳಗೆ ಹೆಂಗಸರು ಇನ್ನೂ ಚರ್ಚೆ ಮಾಡುತ್ತಿರುವಾಗಲೇ ಹೊರಗೆ ಅಜ್ಜಿ ನಗರ ಸೋತಿತು ಅಂತ ಕಥೆ ಮುಗಿಸಿದ್ದಳು. ಊರಿಗಿಂತ ಊರಿನ ಕಥೆ ಒಂದು ಗಳಿಗೆ ಹಿರಿಯದು. ಮಕ್ಕಳು ಅದನ್ನು ನಂಬಿ ಸುಮ್ಮನಾಗದಿದ್ದರೆ ಅಮ್ಮಂದಿರು ಎದ್ದು ಬಂದುಬಿಡುತ್ತಿದ್ದರು, ಊರು ಹುಟ್ಟುತ್ತಲೇ ಇರಲಿಲ್ಲ.

"ತೊಟ್ಟಿ ಎಲ್ಲಿಟ್ಟಿದ್ರಿ?" ಅಂತ ಕೇಳಿದಳು.

"ಇಲ್ಲೇ, ಎರಡು ಮನೆ ನಡುವೆ, ರಸ್ತೆ ಹತ್ರ. ಆ ಕಡೆ ಮನೆಯವರಿಗೂ ಈ ಕಡೆ ಮನೆಯವರಿಗೂ ಹುಲ್ಲು ಕೆಸರಾಗ್ಬಾರ್ದು ಅಂತ ಸರಿಯಾಗಿ ನಡುವೆ ಇಡು ಅಂದಿದ್ಲು ಫರ್ನ್. ಹುಲ್ಲು ಅಂದ್ರೆ ಆಗ್ಲೂ ಹಿಂಗೇ."

ಕಾಲುದಾರಿಗೂ ರಸ್ತೆಗೂ ನಡುವೆ ಒಂದು ಹುಲ್ಲಿನ ಪಟ್ಟಿ. ಮನೆಯವರು ಕತ್ತರಿಸುತ್ತಾರೆ, ಆದರೆ ಅದು ನಗರಸಭೆಯದು; ಅಲ್ಲಿ ಏನು ನೆಡಲೂ ಮಾರ್ನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಇದು ಅವಳಿಗೆ ಶರತ್ಕಾಲದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಕೇಳದೆ ನೆಡುವುದು ಹೇಗೆ, ಆ ಮನೆಯವರ ಮುಖ ನೋಡುವುದು ಹೇಗೆ ಅಂತ ಇಡೀ ಚಳಿಗಾಲ ಕಳೆದಿದ್ದಳು. ಅವಳು ಕಾರಿನ ಡಿಕ್ಕಿ ತೆರೆದು ಗುಂಡಿ ತೋಡುವ ಸಲಿಕೆಯನ್ನು ಎಳೆದಳು. ಕೈಗಳು ಹಲ್ಲಿನ ಪಕ್ಕೆಗಳಿಂದ ಮೊಣಕೈವರೆಗೆ ಮಾತ್ರ ಹೊರಗೆ ಬರುತ್ತಿದ್ದವು, ಆದ್ದರಿಂದ ಮೇಲೆತ್ತಿ ಕುಕ್ಕಲು ಇಡೀ ಹಲ್ಲೇ ಹಾರಬೇಕಿತ್ತು. ಹಾರಿದಳು. ಹುಲ್ಲು ಕಿತ್ತು ಬಂದ ಸದ್ದಿಗೆ ವೇನ್‌ನ ಗಾಡಿ ನಿಂತಿತು. ಬೆವ್‌ಳ ಬಾಗಿಲ ಸಂದಿ ಎರಡು ಗೇಣಾಯಿತು.

"ಇನ್ನೂ ಆಳ," ಅಂದಳು ಅಜ್ಜಿ ಕುರ್ಚಿಯಿಂದ. "ಹಲ್ಲು ನೆಟ್ಟ ಹಾಗೆ ನೆಡು, ಅಲ್ಲಾಡಬಾರದು. ನೀನು ಆ ಕೆಲಸದೋಳೇ ಅಲ್ವಾ."

"ನಾನು ಫೋನ್ ಎತ್ತೋಳು ಅಜ್ಜಿ."

ಗುಂಡಿಯಾಯಿತು. ಕಂಬವನ್ನು ಇಳಿಸಿದಾಗ ಅದು ವೇನ್‌ನ ಮನೆಯತ್ತ ವಾಲಿತು. ಫಲಕದ ಎರಡೂ ಮುಖದ ಮೇಲೆ ಒಂದೇ ಬರಹ: ಈ ಮನೆಯ ಗ್ಯಾರೇಜಿನಲ್ಲಿ ಲಾರ್ಕ್‌ಮೆಡೋದ ಹೆಂಗಸರು ಈ ನಗರವನ್ನು ಸ್ಥಾಪಿಸಿದರು. ಒಂದು ಮುಖ ವೇನ್‌ನ ಮನೆಯತ್ತ ಹೇಳುತ್ತಿತ್ತು, ಇನ್ನೊಂದು ಬೆವ್‌ಳ ಮನೆಯತ್ತ. ಅದನ್ನು ಬರೆದವಳು ತಾನೇ ಆದರೂ ಮಾರ್ನಿ ಈಗ ಮೊದಲ ಬಾರಿಗೆ ಓದಿದಳೆಂಬಂತೆ ನೋಡುತ್ತಿರುವಾಗ ವೇನ್ ಸಾಕ್ಸಿನ ಕಾಲಲ್ಲೇ ಓಡಿಬಂದ.

"ಬಾಗಿದೆ ಮಾರ್ನಿ, ನಮ್ಮ ಕಡೆ ಬಾಗಿದೆ. ಬೆವ್‌ಗೆ ಅನ್ಯಾಯ ಆಗುತ್ತೆ," ಅಂದವನೇ ಎರಡೂ ಅಂಗೈ ಹಾಕಿ ಕಂಬವನ್ನು ಬೆವ್‌ಳ ಕಡೆ ತಳ್ಳಿದ.

ಬೆವ್ ಕ್ರಿಸ್ಮಸ್ ಮರವನ್ನು ದಾಟಿಕೊಂಡು ಬಂದೇ ಬಂದಳು, ಗ್ಯಾರೇಜನ್ನು ಕೂಡ ಮರೆತು. "ಬೇಡ ವೇನ್, ಅದು ನಿನ್ನದು, ನೀನು ಇಟ್ಕೋ," ಅಂತ ಈ ಕಡೆಯಿಂದ ಭುಜ ಕೊಟ್ಟಳು.

"ಛೆ, ಅದು ಹೆಂಗಾಗುತ್ತೆ, ನೀನೇ ಇಟ್ಕೋ."

"ನಾವು ಅಂಥೋರಲ್ಲಪ್ಪ."

"ನಾವೂ ಅಲ್ಲಮ್ಮ."

ಇಬ್ಬರ ಮುಖವೂ ಮರ್ಯಾದೆಯಿಂದ ಕೆಂಪೇರಿತ್ತು. ತೋಳಿನ ನರ ಉಬ್ಬಿದವು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬ್ಯಾಂಡು ಕಾಣಿಸಿತು, ಅದರ ಹಿಂದೆ ಬಾಚಿ ಹಲ್ಲುಗಳು, ಕೋರೆ ಹಲ್ಲುಗಳು, ದವಡೆಯಲ್ಲಿ ಒಂದು ಕಿಂಡಿ. ಡಾಕ್ಟರ್ ಲಿಂಡ್‌ಕ್ವಿಸ್ಟ್ ಧ್ವನಿವರ್ಧಕದಲ್ಲಿ, "ನಮ್ಮ ಬಲಗಡೆ ಕೆಳದವಡೆ ಹಲ್ಲನ್ನ ಯಾರಾದ್ರೂ ನೋಡಿದ್ರೆ ದಯವಿಟ್ಟು ಹೇಳಿ," ಅನ್ನುತ್ತ ಬರುತ್ತಿದ್ದರು. ಮಾರ್ನಿಗೆ ಕೇಳಿಸಿತು. ಬರ್ತೀನಿ ಡಾಕ್ಟ್ರೇ, ಒಂದ್ನಿಮಿಷ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು, ಬದುಕಿನಲ್ಲಿ ಮೊದಲ ಸಲ, ನುಂಗಿಕೊಂಡಳು. ಇಬ್ಬರೂ ಸಮಸಮನಾಗಿ ತಳ್ಳುತ್ತಿದ್ದುದರಿಂದ ಕಂಬ ಅತ್ತಲೂ ಹೋಗದೆ ಇತ್ತಲೂ ಹೋಗದೆ, ತೂಗುಗುಂಡು ಬಿಟ್ಟು ನೋಡಿದ ಹಾಗೆ ನೆಟ್ಟಗೆ ನಿಂತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಬಿಟ್ಟುಕೊಡುತ್ತಿರಿ ದೇವರೇ, ಅಂದುಕೊಳ್ಳುತ್ತ ಅವಳು ಸುತ್ತ ಮಣ್ಣು ತುಂಬಿದಳು, ಕಲ್ಲು ತುಂಬಿದಳು, ದವಡೆ ಹಲ್ಲಿನ ಎರಡೂ ಬೇರಿನಿಂದ ತುಳಿದಳು, ಹಾರಿ ಹಾರಿ ತುಳಿದಳು. ಬ್ಯಾಂಡಿನವರು ಅದನ್ನು ನೋಡುತ್ತ ನಿಂತರು, ಅವರಿಗೆ ತಾಗಿ ಹಿಂದಿನವರು ನಿಂತರು, ಡೋಲು ಬಾರಿಸುವವನು ಮಾತ್ರ ಅವಳ ಕುಣಿತಕ್ಕೆ ಸರಿಯಾಗಿ ಬಾರಿಸುತ್ತ ಹೋದ.

"ಸಾಕು ಬಿಡಿ," ಅಂದಳು ಅಜ್ಜಿ.

ವೇನ್ ಕೈ ತೆಗೆದ. ಬೆವ್ ಭುಜ ತೆಗೆದಳು. ಕಟ್ಟಕಡೆಗೆ ಮಾರ್ನಿ, ಒಂದೊಂದೇ ಬೆರಳಾಗಿ, ತನ್ನ ಕೈಯನ್ನೂ ತೆಗೆದಳು.

ನಿಂತಿತ್ತು.